ಒಣ ಸೂಜಿ

(ಬಾನುಲಿ ಭಾಷಣ)

ನೋವನ್ನು ಹೇಳುವುದಕ್ಕೆ ಕನ್ನಡದಲ್ಲಿ ಮಾತಿನ ಬಡತನವಿಲ್ಲ. ಸೆಳೆತ, ಸಿಡಿತ, ಚಳುಕು, ಉಳುಕು, ಬೇನೆ, ಶೂಲೆ—ಒಂದೊಂದಕ್ಕೂ ಅದರದೇ ಛಾಯೆ. ಆದರೆ ನೋವಿನ ನೆಲೆ ಯಾವುದೆಂದು ಹೇಳಬೇಕಾದಾಗ ನಾವು ಅಷ್ಟು ಎಚ್ಚರದವರಲ್ಲ. ಕತ್ತು ಹೊರಳದಿದ್ದರೂ ‘ನರ ಹಿಡಿದುಕೊಂಡಿದೆ’, ಸೊಂಟ ಬಗ್ಗದಿದ್ದರೂ ‘ನರ ಹಿಡಿದುಕೊಂಡಿದೆ’. ಮೈತೂಕದಲ್ಲಿ ಸುಮಾರು ಮೂರರಲ್ಲೊಂದು ಪಾಲು ಸ್ನಾಯುವೇ ಇದ್ದರೂ ಅದರ ಹೆಸರನ್ನು ಯಾರೂ ಎತ್ತುವುದಿಲ್ಲ. ನಾನೂ ಎತ್ತಿದವನಲ್ಲ, ಎರಡು ವರ್ಷಗಳ ಹಿಂದಿನ ಒಂದು ರಾತ್ರಿಯವರೆಗೆ.

ಆ ರಾತ್ರಿ ಎಡಹೆಗಲಿನ ಮುಂಭಾಗದಲ್ಲಿ ಆಳವಾದ ನೋವೊಂದು ಹುಟ್ಟಿ ತೋಳಿಗಿಳಿಯಿತು. ಅರವತ್ತು ದಾಟಿದವನು, ಎಡತೋಳು, ನಡುರಾತ್ರಿ—ಯಾರಿಗೆ ಏನು ಹೊಳೆಯಬೇಕೋ ಅದೇ ನನ್ನ ಹೆಂಡತಿಗೂ ಹೊಳೆಯಿತು. ಪಕ್ಕದ ಮನೆಯವರನ್ನೆಬ್ಬಿಸಿ ಆಸ್ಪತ್ರೆಗೆ ಕರೆದೊಯ್ದಳು. ಇ.ಸಿ.ಜಿ. ತೆಗೆದರು, ರಕ್ತ ಪರೀಕ್ಷಿಸಿದರು. ಹೃದಯ ನೆಟ್ಟಗಿದೆ ಎಂದರು. ಅವರು ಹಾಗೆ ನೋಡಿದ್ದೇ ಸರಿ. ಹೃದಯದ ನೋವು ತೋಳಿನಲ್ಲಿ ಕಾಣಿಸಿಕೊಳ್ಳುವುದುಂಟು. ಇಂಥ ನೋವನ್ನು ಮೊದಲು ಹೃದಯದ ಲೆಕ್ಕಕ್ಕೇ ಬರೆದು ನೋಡಬೇಕು.

ಆದರೆ ಹೃದಯದ್ದಲ್ಲವೆಂದಮಾತ್ರಕ್ಕೆ ನೋವು ಹೋಗಲಿಲ್ಲ. ಮೂರು ತಿಂಗಳು ಅಂಗಿಯ ತೋಳಿಗೆ ಕೈ ತೂರಿಸಲು ಹೆಂಡತಿಯ ನೆರವು ಬೇಕಾಯಿತು. ಎಣ್ಣೆ, ಬಿಸಿನೀರಿನ ಚೀಲ, ಮಾತ್ರೆ, ಎಲ್ಲವೂ ಆಯಿತು. ನಮ್ಮೂರಿನಲ್ಲಿ ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಂಡರೆ ಉಳುಕು ಬಿಡುತ್ತದೆ ಎನ್ನುತ್ತಿದ್ದರು, ಅಂಥವರನ್ನೂ ನೆನಪಿಸಿಕೊಂಡೆ. ಭಯ ಮಾತ್ರ ಬಿಡಲಿಲ್ಲ. ಇ.ಸಿ.ಜಿ. ಹಾಳೆಯನ್ನು ರಾತ್ರಿ ಹೊರತೆಗೆದು, ಪಾಠಾಂತರ ಹುಡುಕುವವನಂತೆ ಆ ಗೆರೆಗಳನ್ನು ದಿಟ್ಟಿಸುತ್ತಿದ್ದೆ. ಹೊರಗೆ ಹೋಗುವುದು ಕಡಿಮೆಯಾಯಿತು. ಯಾರಾದರೂ ಭಾಷಣಕ್ಕೆ ಕರೆದರೆ ಒಲ್ಲೆನೆನ್ನುತ್ತಿದ್ದೆ.

ಕೊನೆಗೆ ವೈದ್ಯರ ಚೀಟಿ ಹಿಡಿದು ಫಿಸಿಯೋಥೆರಪಿಯ ಹೆಣ್ಣುಮಗಳೊಬ್ಬಳ ಬಳಿಗೆ ಹೋದೆ. ಆಕೆ ನಾನು ತೋರಿಸಿದ ಜಾಗವನ್ನು ಒಮ್ಮೆ ಒತ್ತಿ ನೋಡಿ ಬಿಟ್ಟುಬಿಟ್ಟಳು. ಬೆನ್ನಿನ ಕಡೆಗೆ ಬಂದು ಭುಜದ ಹಲಗೆಮೂಳೆಯ ಮೇಲೆ ಬೆರಳಾಡಿಸಿದಳು. “ನೋವು ಅಲ್ಲಲ್ಲಮ್ಮಾ, ಮುಂದೆ,” ಎಂದೆ. “ಇರಲಿ ಸರ್, ಸ್ವಲ್ಪ ತಾಳಿ,” ಎಂದು ಒಂದು ಕಡೆ ಅದುಮಿದಳು. ಮುಟ್ಟಿದ್ದು ಬೆನ್ನನ್ನು, ನೋವು ಮೇಲೆದ್ದದ್ದು ಹೆಗಲಿನ ಮುಂಭಾಗದಲ್ಲಿ, ಅಲ್ಲಿಂದ ತೋಳಿಗೆ. “ಇದೇ! ಆ ರಾತ್ರಿಯ ನೋವು ಇದೇ!” ಎಂದು ಕೂಗಿಬಿಟ್ಟೆ. ಮೂರು ತಿಂಗಳು ಯಾರ ಮಾತಿಗೂ ಹೋಗದ ಭಯ ಆ ಒಂದು ಬೆರಳಿಗೆ ಅರ್ಧ ಕರಗಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಾವು ನಗೆಯಾಡುತ್ತೇವೆ. ಇಲ್ಲಿ ಎಮ್ಮೆಯನ್ನು ಹುಡುಕುವುದೇ ವಿದ್ಯೆ. ಲಂಡನ್ನಿನ ವೈದ್ಯ ಜಾನ್ ಕೆಲ್‌ಗ್ರೆನ್ 1938ರಲ್ಲಿಯೇ, ಸ್ನಾಯುಗಳಿಗೆ ಉಪ್ಪುನೀರನ್ನು ಚುಚ್ಚಿ, ನೋವು ಚುಚ್ಚಿದೆಡೆಯಿಂದ ದೂರದಲ್ಲಿ ಕಾಣಿಸಿಕೊಳ್ಳುವುದನ್ನು ತೋರಿಸಿಕೊಟ್ಟಿದ್ದರು. ಅಮೆರಿಕದ ಜಾನೆಟ್ ಟ್ರಾವೆಲ್ ಈ ದಾರಿಯಲ್ಲಿ ಬಹುದೂರ ನಡೆದವರು. ಅಧ್ಯಕ್ಷ ಕೆನಡಿಯವರ ಬೆನ್ನುನೋವಿಗೆ ಚಿಕಿತ್ಸೆ ಮಾಡಿದ, ಅವರಿಗೆ ತೂಗುಕುರ್ಚಿಯನ್ನು ಸೂಚಿಸಿದ ವೈದ್ಯೆ ಇವರೇ. ಡೇವಿಡ್ ಸೈಮನ್ಸ್ ಅವರೊಡನೆ ಬರೆದ ಇವರ ದೊಡ್ಡ ಗ್ರಂಥದ ಮೊದಲ ಸಂಪುಟ 1983ರಲ್ಲಿ ಬಂತು; ಯಾವ ಸ್ನಾಯುವಿನ ಗಂಟು ಎಲ್ಲಿ ನೋಯಿಸುತ್ತದೆ ಎಂಬುದಕ್ಕೆ ಅದರಲ್ಲಿ ಚಿತ್ರಗಳೇ ಇವೆ. ಈ ಗಂಟುಗಳಿಗೆ ಅವರು ಬಳಸಿದ ಹೆಸರು ‘ಟ್ರಿಗರ್ ಪಾಯಿಂಟ್’. ಟ್ರಿಗರ್ ಎಂದರೆ ನಮ್ಮಲ್ಲಿ ಬಂದೂಕಿನ ಕುದುರೆ. ಕುದುರೆ ಎಳೆಯುವುದು ಒಂದೆಡೆ, ಗುಂಡು ತಗಲುವುದು ಮತ್ತೊಂದೆಡೆ. ಎತ್ತು, ಎಮ್ಮೆಗಳ ಜೊತೆಗೆ ಕುದುರೆಯೂ ಬಂತಲ್ಲ ಎಂದು ನಗಬೇಡಿ, ಹೆಸರು ಚೆನ್ನಾಗಿದೆ.

ಟ್ರಾವೆಲ್ ಈ ಗಂಟುಗಳಿಗೆ ಮರವು ಬರಿಸುವ ಔಷಧವನ್ನು ಚುಚ್ಚುತ್ತಿದ್ದರು. ಗುಣ ಔಷಧದ್ದೋ ಸೂಜಿಯದೋ ಎಂಬುದನ್ನು ಗಟ್ಟಿಯಾಗಿ ಕೇಳಿದವರು ಪ್ರಾಗ್ ನಗರದ ವೈದ್ಯ ಕರೆಲ್ ಲೆವಿಟ್. ಔಷಧವಿಲ್ಲದ ಬರಿಯ ಸೂಜಿಯಿಂದ 241 ರೋಗಿಗಳಿಗೆ ಚಿಕಿತ್ಸೆ ಮಾಡಿ, ಅದರ ಫಲವನ್ನು 1979ರಲ್ಲಿ ಪ್ರಕಟಿಸಿದರು. ಅತಿಯಾಗಿ ನೋಯುವ ಬಿಂದುವಿಗೇ ಸೂಜಿ ಮುಟ್ಟಿದರೆ ನೂರರಲ್ಲಿ ಸುಮಾರು 87 ಸಲ ನೋವು ಆ ಕ್ಷಣಕ್ಕೆ ಶಮನವಾಗಿತ್ತು. ‘ಆ ಕ್ಷಣಕ್ಕೆ’ ಎಂಬ ಮಾತನ್ನು ದಯವಿಟ್ಟು ಗಮನಿಸಬೇಕು. ಮದ್ದಿಲ್ಲದ್ದರಿಂದ ಇದು ‘ಡ್ರೈ’, ಒಣ ಸೂಜಿ. ಕನ್ನಡದಲ್ಲಿ ‘ಒಣ’ ಎಂಬುದಕ್ಕೆ ಒಳ್ಳೆಯ ಹೆಸರಿಲ್ಲ: ಒಣಜಂಬ, ಒಣವೇದಾಂತ, ಒಣಮಾತು. ಮೂವತ್ತು ವರ್ಷ ಒಣ ಉಪನ್ಯಾಸಗಳನ್ನು ಕೊಟ್ಟವನಿಗೆ ಒಣ ಸೂಜಿ ತಕ್ಕ ಚಿಕಿತ್ಸೆಯೇ ಎಂದು ನನ್ನ ಹೆಂಡತಿ ಅಂದಳು.

ಸೂಜಿ ಕೂದಲಿನಷ್ಟು ತೆಳು ಎನ್ನುತ್ತಾರೆ. ನನಗೆ ಚುಚ್ಚಿದ್ದು ಕಾಲು ಮಿಲಿಮೀಟರ್ ದಪ್ಪದ್ದು. ಇಂಜೆಕ್ಷನ್ ಸೂಜಿಯಂತೆ ಅದರೊಳಗೆ ಕೊಳವೆಯಿಲ್ಲ. ಚೀನೀಯರ ಅಕ್ಯುಪಂಕ್ಚರಿನಲ್ಲೂ ಇಂಥದೇ ಸೂಜಿ. ಅಲ್ಲಿ ಪ್ರಾಣಶಕ್ತಿಯ ನಾಡಿಗಳ ಲೆಕ್ಕ, ಇಲ್ಲಿ ಸ್ನಾಯುವಿನ ಗಂಟಿನ ಲೆಕ್ಕ. ಚರ್ಮ ದಾಟಿದ್ದು ತಿಳಿಯಲೇ ಇಲ್ಲ. ಗಂಟನ್ನು ಮುಟ್ಟಿದಾಗ ಸ್ನಾಯು ತನ್ನಷ್ಟಕ್ಕೆ ತಾನೇ ತಟಕ್ಕನೆ ಅದುರಿತು. ನೊಣ ಕುಳಿತಾಗ ಹಸುವಿನ ಮೈಚರ್ಮ ಅಲ್ಲಷ್ಟೇ ನಡುಗುವುದನ್ನು ನೋಡಿದ್ದೀರಷ್ಟೆ, ಹಾಗೆ. ಹಿಂದೆಯೇ ಇಡೀ ತೋಳಿನಲ್ಲಿ ಒಂದು ಭಾರವಾದ ನೋವು, ಆಮೇಲೆ ಸಡಿಲ. ಮರುದಿನವೆಲ್ಲ ಯಾರೋ ಗುದ್ದಿದಂತಿತ್ತು. ಮೂರನೆಯ ದಿನ ಅಂಗಿಯನ್ನು ನಾನೇ ತೊಟ್ಟೆ.

ಹೀಗೇಕಾಗುತ್ತದೆ? ಬಿಗಿದ ಎಳೆಗಳು ತಮ್ಮ ನಡುವಿನ ಸಣ್ಣ ರಕ್ತನಾಳಗಳನ್ನು ತಾವೇ ಅದುಮುತ್ತವೆ. ಪ್ರಾಣವಾಯು ಸಾಲದೆ ಅಲ್ಲಿ ಹುಟ್ಟುವ ರಾಸಾಯನಿಕಗಳು ನರದ ತುದಿಗಳನ್ನು ಕೆಣಕುತ್ತವೆ. ಬಿಗಿತ ಇನ್ನೂ ಹೆಚ್ಚುತ್ತದೆ. ಸೂಜಿ ಈ ಸುತ್ತನ್ನು ಕಡಿಯುತ್ತದೆ—ಇದು ಒಂದು ವಿವರಣೆ. ಇದನ್ನು ಒಪ್ಪದ ವಿದ್ವಾಂಸರಿದ್ದಾರೆ. ಇಂಥ ಗಂಟೊಂದು ಇದೆಯೆಂಬುದನ್ನೇ ಶಂಕಿಸುವವರೂ ಇದ್ದಾರೆ. ಪ್ರಯೋಗಗಳಲ್ಲಿ ಕಂಡ ಗುಣವೂ ಬಹುಪಾಲು ಕೆಲವು ವಾರಗಳದ್ದು, ಮಿತವಾದದ್ದು. ನನ್ನ ಹೆಗಲನ್ನು ನಾನು ಪ್ರಮಾಣವೆಂದು ಮುಂದೊಡ್ಡುವುದಿಲ್ಲ.

ಅಪಾಯವಿಲ್ಲವೆಂದೂ ಅಲ್ಲ. “ಇಲ್ಲಿ ಸ್ನಾಯುವಿನ ಹಿಂದೆ ಮೂಳೆಯ ಅಡ್ಡವಿದೆ ಸರ್, ಅಡ್ಡವಿಲ್ಲದ ಕಡೆ ಶ್ವಾಸಕೋಶದ ಎಚ್ಚರ ಬೇಕು,” ಎಂದು ಆಕೆ ಹೇಳಿದಳು. ಶ್ವಾಸಕೋಶಕ್ಕೆ ಸೂಜಿ ತಗಲಿ ಎದೆಯೊಳಗೆ ಗಾಳಿ ತುಂಬಿದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ರಕ್ತ ಹೆಪ್ಪುಗಟ್ಟದಿರಲೆಂದು ಮಾತ್ರೆ ತಿನ್ನುವವರು ಅದನ್ನು ಮೊದಲೇ ತಿಳಿಸಬೇಕು. ಸೂಜಿ ಪ್ರತಿ ಸಲವೂ ಹೊಸದಾಗಿರಬೇಕು, ಹಿಡಿಯುವವರು ಕಲಿತವರಾಗಿರಬೇಕು.

ಎರಡನೆಯ ಸಲ ಹೋದಾಗ ಆಕೆ ಸೂಜಿಯ ಪೊಟ್ಟಣವನ್ನು ಬಿಚ್ಚಲಿಲ್ಲ. “ನೀವು ಓದುವುದು ಹೇಗೆ ಸರ್?” ಎಂದು ಕೇಳಿದಳು. ದಿವಾನದ ಮೇಲೆ ಎಡಕ್ಕೆ ವಾಲಿ, ಮೊಣಕೈಯೂರಿ, ತಲೆಗೆ ಕೈಯಾನಿಸಿ ಓದುವುದು ನಾಲ್ವತ್ತು ವರ್ಷಗಳ ರೂಢಿ; ಮಲಗುವುದೂ ಆ ಮಗ್ಗುಲಿಗೇ. “ಗಂಟು ಮತ್ತೆ ಬರುವ ದಾರಿ ಅದೇ,” ಎಂದಳು. ಹೆಗಲನ್ನು ಹಿಗ್ಗಿಸುವ, ಬಲಪಡಿಸುವ ನಾಲ್ಕು ವ್ಯಾಯಾಮಗಳನ್ನು ಕಲಿಸಿದಳು. ಅವನ್ನು ಮಾಡುತ್ತಿದ್ದೇನೆ. ಓದುವುದು ಈಗ ಕುರ್ಚಿಯಲ್ಲಿ, ನೆಟ್ಟಗೆ ಕುಳಿತು. ಹೋಗಿ ಬಂದ ಕಡೆಯೆಲ್ಲ ಎಡಹೆಗಲಿಗೆ ನೇತುಬೀಳುತ್ತಿದ್ದ ಪುಸ್ತಕದ ಚೀಲವನ್ನೂ ಬಿಡಿ ಎಂದಿದ್ದಳು. ಅದನ್ನು ಬಲಹೆಗಲಿಗೆ ಬದಲಾಯಿಸಿಕೊಂಡಿದ್ದೇನೆ. ಆಕೆಗೆ ಇನ್ನೂ ಹೇಳಿಲ್ಲ.