ಬರುವ ಎವೊ ಪಂದ್ಯಾವಳಿ: ಯಾರ ಆಟ ನೋಡಬೇಕು?

(ಸಂಘದ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಗಿರಣಿಯಲ್ಲಿ ಹಾಜರಿಪಟ್ಟಿ ಬರೆಯುವ ಗುಮಾಸ್ತ; ಓದು ಮೆಟ್ರಿಕ್ಕಿಗೆ ನಿಂತಿತು. ವಾರಕ್ಕೆ ಮೂರು ಸಂಜೆ ಈ ವಾಚನಾಲಯದಲ್ಲಿ ಪುಸ್ತಕ ಕೊಡುವ, ತೆಗೆದುಕೊಳ್ಳುವ ಸೇವೆ ಮಾಡುತ್ತೇನೆ. ಆ ಮೇಜಿನ ಹಿಂದೆ ಕುಳಿತವನಿಗೆ ಎರಡೂ ಪಕ್ಷದ ಮಾತು ಕಿವಿಗೆ ಬೀಳುತ್ತದೆ. ‘ಪತ್ರಿಕೆ ಓದುವ ಜಾಗದಲ್ಲಿ ಈ ಹುಡುಗರು ಫೋನಿನಲ್ಲಿ ಬೊಂಬೆಗಳ ಬಡಿದಾಟ ನೋಡುತ್ತಾರೆ’ ಎಂದು ಹಿರಿಯರ ದೂರು. ‘ಎವೊ ಪಂದ್ಯಾವಳಿ ಬರುತ್ತಿದೆ, ಒಂದು ಭಾನುವಾರ ಅದನ್ನು ಇಲ್ಲಿ ಪರದೆಯ ಮೇಲೆ ತೋರಿಸಿ’ ಎಂದು ಕಿರಿಯರ ಬೇಡಿಕೆ. ನಿರ್ಣಯಕ್ಕೆ ಮೊದಲು, ಈ ಆಟವೆಂದರೇನು, ಅದರಲ್ಲಿ ಯಾರನ್ನು ನೋಡತಕ್ಕದ್ದು ಎಂಬುದನ್ನು ತಿಳಿಸೆಂದು ಕಾರ್ಯಕಾರಿ ಸಮಿತಿ ನನಗೆ ಅಪ್ಪಣೆ ಮಾಡಿದೆ. ತಿಳಿದಷ್ಟನ್ನು ಅರಿಕೆ ಮಾಡುತ್ತೇನೆ, ತಪ್ಪಿದ್ದರೆ ತಿದ್ದಬೇಕು.

ಮೊದಲು ಆಟದ ಬಗೆ. ಇಬ್ಬರು ಒಂದೇ ಪರದೆಯ ಮುಂದೆ ಕೂರುತ್ತಾರೆ. ಪರದೆಯ ಮೇಲೆ ಎರಡು ಜಟ್ಟಿಗಳು. ಒಬ್ಬೊಬ್ಬನು ಒಂದೊಂದು ಜಟ್ಟಿಯನ್ನು ಗುಂಡಿಗಳಿಂದ ಆಡಿಸುತ್ತಾನೆ. ಎದುರಾಳಿಯ ಶಕ್ತಿ ತೀರಿಸಿದವನಿಗೆ ಸುತ್ತು. ಇಷ್ಟೇ ಕೇಳಿದರೆ ಮಕ್ಕಳಾಟವೆನಿಸುತ್ತದೆ. ಆದರೆ ಈ ಪರದೆಯಲ್ಲಿ ಸೆಕೆಂಡಿಗೆ 60 ಚಿತ್ರಗಳು ಓಡುತ್ತವೆ. ‘ಸ್ಟ್ರೀಟ್ ಫೈಟರ್ 6’ ಎಂಬ ಆಟದಲ್ಲಿ ಅತಿ ಚುರುಕಾದ ಗುದ್ದು ನಾಲ್ಕೇ ಚಿತ್ರಗಳಲ್ಲಿ ಬಂದು ತಗಲುತ್ತದೆ. ಅದನ್ನು ಕಣ್ಣಿನಿಂದ ಕಂಡು ತಡೆಯಲು ಯಾವ ಮನುಷ್ಯನಿಗೂ ಆಗದು. ಆದ್ದರಿಂದ ಎದುರಾಳಿ ಮುಂದೆ ಏನು ಮಾಡುವನೆಂದು ಮೊದಲೇ ಊಹಿಸಬೇಕು. ಗರಡಿಯಲ್ಲಿ ಪಳಗಿದವರು ಬಲ್ಲರು. ಪಟ್ಟು ಬಿದ್ದ ಮೇಲೆ ಬಿಡಿಸಿಕೊಳ್ಳುವವನಿಗಿಂತ, ಎದುರಾಳಿಯ ಹೆಗಲು ನೋಡಿಯೇ ಪಟ್ಟು ತಿಳಿಯುವವನು ದೊಡ್ಡ ಜಟ್ಟಿ. ಇಲ್ಲಿಯೂ ಹಾಗೆಯೇ.

ಇನ್ನೊಂದು ಸಾಮ್ಯವುಂಟು. ಆ ಆಟದಲ್ಲಿ ಪ್ರತಿ ಜಟ್ಟಿಗೂ ಪರದೆಯ ಮೇಲ್ಗಡೆ ಆರು ಭಾಗಗಳ ಹಸಿರು ಪಟ್ಟಿಯಿದೆ. ಅದನ್ನು ದಮ್ಮು ಎಂದುಕೊಳ್ಳಿ. ವಿಶೇಷ ಏಟಿಗೂ, ವಿಶೇಷ ತಡೆಗೂ ಅದರಿಂದಲೇ ಖರ್ಚು. ಪೂರ್ತಿ ತೀರಿದರೆ ಜಟ್ಟಿ ಬಸವಳಿಯುತ್ತಾನೆ, ಎದುರಾಳಿಗೆ ಸುಗ್ಗಿ. ಹೊಸಬರು ನೋಡುವಾಗ ಏಟುಗಳನ್ನು ಬಿಟ್ಟು ಈ ಪಟ್ಟಿಯನ್ನೇ ನೋಡಲಿ. ಸಂಬಳ ಬಂದ ವಾರದಲ್ಲೇ ಕೈ ಖಾಲಿ ಮಾಡಿಕೊಂಡವನಾರು, ತಿಂಗಳ ಕೊನೆಗೆ ಉಳಿಸಿಕೊಂಡವನಾರು ಎಂಬುದು ಅಲ್ಲಿ ಕಾಣುತ್ತದೆ.

ಎವೊ ಎಂಬುದು ಈ ಆಟಗಳ ದೊಡ್ಡ ಜಾತ್ರೆ. 1996ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಸನಿವೇಲ್‌ನಲ್ಲಿ ಬೇರೊಂದು ಹೆಸರಿನಿಂದ, ಸುಮಾರು 40 ಆಟಗಾರರೊಡನೆ ಹುಟ್ಟಿತು. 2002ರಲ್ಲಿ ಈಗಿನ ಹೆಸರು ಬಂತು. 2005ರಲ್ಲಿ ಲಾಸ್ ವೇಗಸ್ ನಗರಕ್ಕೆ ಹೋಯಿತು. 2023ರಲ್ಲಿ ಸ್ಟ್ರೀಟ್ ಫೈಟರ್ ಒಂದಕ್ಕೇ 7 ಸಾವಿರಕ್ಕೂ ಹೆಚ್ಚು ಮಂದಿ ಹೆಸರು ಕೊಟ್ಟರು. ಇಲ್ಲಿ ಆಯ್ಕೆ ಸಮಿತಿಯಿಲ್ಲ, ಶಿಫಾರಸು ಪತ್ರವಿಲ್ಲ. ಪ್ರವೇಶ ಶುಲ್ಕ ಕೊಟ್ಟ ಯಾವನಾದರೂ ಜಗಜ್ಜೆಟ್ಟಿಯ ಎದುರು ಕೂರಬಹುದು. ಒಂದು ಸಲ ಸೋತವನು ಹೊರಬೀಳುವುದಿಲ್ಲ. ಸೋತವರ ಸಾಲಿಗೆ ಇಳಿಯುತ್ತಾನೆ. ಅಲ್ಲಿಂದ ಎಲ್ಲರನ್ನೂ ಗೆಲ್ಲುತ್ತ ಅಂತಿಮ ಪಂದ್ಯಕ್ಕೆ ಬರಬಹುದು. ಆದರೆ ಆಗ ಗೆದ್ದವರ ಸಾಲಿನಿಂದ ಬಂದವನನ್ನು ಅವನು ಎರಡು ಸಲ ಸೋಲಿಸಬೇಕು. ಎರಡನೆಯ ಅವಕಾಶವುಂಟು, ಆದರೆ ಅದಕ್ಕೆ ಇಮ್ಮಡಿ ಬೆಲೆ. ಈ ನಿಯಮ ನನಗೆ ಬಹಳ ಹಿಡಿಸಿತು.

ಈಗ ನೋಡತಕ್ಕವರ ವಿಷಯ. ಎಲ್ಲರ ಹೆಸರು ಹೇಳಲು ಹೊತ್ತು ಸಾಲದು; ಐವರನ್ನು ಹೇಳುತ್ತೇನೆ.

ಮೊದಲನೆಯವನು ‘ಟೆಕ್ಕನ್’ ಆಟದ ಅರ್ಸಲಾನ್ ಆಶ್. ಪಾಕಿಸ್ತಾನದ ಲಾಹೋರಿನವನು. ಅಲ್ಲಿನ ಗಲ್ಲಿಗಳ ಆಟದಂಗಡಿಗಳಲ್ಲಿ ‘ಕಿಂಗ್ ಆಫ್ ಫೈಟರ್ಸ್’ ಆಡಿ ಬೆಳೆದು, ಆಮೇಲೆ ಟೆಕ್ಕನ್‌ಗೆ ಬಂದ. 2019ರ ಫೆಬ್ರವರಿಯಲ್ಲಿ ಜಪಾನಿನ ಫುಕುವೊಕಾದಲ್ಲಿ ನಡೆದ ಎವೊಗೆ ಹೊರಟಾಗ ಅವನನ್ನು ಬಲ್ಲವರು ಕಡಿಮೆ. ವೀಸಾ ತೊಡಕು, ತಪ್ಪಿದ ವಿಮಾನಗಳು; ದಾರಿಯ ನಿಲ್ದಾಣದಲ್ಲಿ ಅವನ ನಾಡಿನ ರೂಪಾಯಿಯನ್ನು ಬದಲಿಸಿಕೊಡುವವರಿಲ್ಲ. ಹಸಿದು, ನಿದ್ದೆಗೆಟ್ಟು ಮುಟ್ಟಿದವನು ಪಂದ್ಯಾವಳಿಯನ್ನೇ ಗೆದ್ದ. ಗೆದ್ದ ಮೇಲೆ, ನನ್ನಂಥವರು ನಮ್ಮ ಊರಿನಲ್ಲಿ ಇನ್ನೂ ಇದ್ದಾರೆ ಎಂದ. ಕೊರಿಯದ ಹೆಸರಾಂತ ಆಟಗಾರ ಬೇ ಜೇ-ಮಿನ್ ಅದನ್ನು ಪರೀಕ್ಷಿಸಲು ಅದೇ ವರ್ಷ ಪಾಕಿಸ್ತಾನಕ್ಕೇ ಹೋದ. ಈತನ ಆಟದ ಹೆಸರು ‘ನೀ’. ನಮ್ಮ ‘ನೀನು’ ಅಲ್ಲ, ಮೊಣಕಾಲು ಎಂಬ ಇಂಗ್ಲಿಷ್ ಶಬ್ದ. ಅಲ್ಲಿ ಹೆಸರೇ ಕೇಳದ ಹುಡುಗರ ಕೈಯಲ್ಲಿ ಸೋತು, ಆ ಮಾತು ನಿಜವೆಂದು ಒಪ್ಪಿದ. ಆ ಆಗಸ್ಟಿನಲ್ಲಿ ಲಾಸ್ ವೇಗಸ್‌ನ ಅಂತಿಮ ಪಂದ್ಯದಲ್ಲಿ ಅರ್ಸಲಾನ್ ಅವನನ್ನೇ ಗೆದ್ದ. ಮುಂದೆ 2023, 2024, 2025ರಲ್ಲೂ ಲಾಸ್ ವೇಗಸ್‌ನ ಟೆಕ್ಕನ್ ಪ್ರಶಸ್ತಿ ಅವನದೇ. ಅವನ ಆಟದಲ್ಲಿ ನೋಡಬೇಕಾದದ್ದು ತಾಳ್ಮೆ. ಏಟು ಹೊಡೆಯುವುದಕ್ಕಿಂತ, ಎದುರಾಳಿಯ ಏಟು ಕೂದಲೆಳೆಯಷ್ಟು ಅಂತರದಲ್ಲಿ ತಪ್ಪುವಂತೆ ಸರಿದು, ಆ ತಪ್ಪಿಗೆ ದಂಡ ವಸೂಲು ಮಾಡುವುದು ಅವನ ಕ್ರಮ.

ಎರಡನೆಯವನು ಡೊಮಿನಿಕನ್ ಗಣರಾಜ್ಯದ ಸೌಲ್ ಮೆನಾ. ಆಟದ ಹೆಸರು ಮೆನಾಆರ್‌ಡಿ. ಕೆರಿಬಿಯನ್ ಸಮುದ್ರದ ಸಣ್ಣ ನಾಡು ಅದು. 2017ರಲ್ಲಿ, ಇನ್ನೂ 18ರ ಹುಡುಗನಾಗಿದ್ದಾಗ, ಸ್ಟ್ರೀಟ್ ಫೈಟರ್‌ನ ಕ್ಯಾಪ್‌ಕಾಮ್ ಕಪ್ ಗೆದ್ದ. 2023ರಲ್ಲಿ ಮತ್ತೊಮ್ಮೆ ಗೆದ್ದ. 2025ರ ಆಗಸ್ಟಿನಲ್ಲಿ ಎವೊ ಪ್ರಶಸ್ತಿಯೂ ಬಂತು. ಅವನ ಹೆಸರಾದ ಜಟ್ಟಿ ಬ್ಲಾಂಕಾ, ಹಸಿರು ಮೈಯ ಕಾಡುಮನುಷ್ಯ. ಆ ಜಟ್ಟಿಯನ್ನು ಆಡಿಸುವವರು ಕಡಿಮೆ. ಆದ್ದರಿಂದ ಎದುರಾಳಿಗೆ ರೂಢಿ ಕಡಿಮೆ. ಯಾರೂ ಹಿಡಿಯದ ಉಪಕರಣವನ್ನು ಹಿಡಿದು ಪೂರ್ಣ ಕಲಿತವನ ಲಾಭ ಅದು. ಸ್ಟ್ರೀಟ್ ಫೈಟರ್‌ನಲ್ಲಿ ನನ್ನ ಪಕ್ಷ ಇವನದು ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ಮೂರನೆಯವನು ಅಮೆರಿಕದ ಫಿಲಡೆಲ್ಫಿಯದ ವಿಕ್ಟರ್ ವುಡ್ಲಿ. ಆಟದ ಹೆಸರು ಪಂಕ್. 2017ರ ಎವೊದಲ್ಲಿ ಒಂದೂ ಸೋಲಿಲ್ಲದೆ ಅಂತಿಮ ಪಂದ್ಯಕ್ಕೆ ಬಂದ. ಎದುರಿಗೆ ಸೋತವರ ಸಾಲಿನಿಂದ ಏರಿ ಬಂದ ಜಪಾನಿನ ತೊಕಿಡೊ, ತೊಕಿಯೊ ವಿಶ್ವವಿದ್ಯಾಲಯದ ಪದವೀಧರ. ಮೊದಲೇ ಹೇಳಿದ ಇಮ್ಮಡಿ ಬೆಲೆಯನ್ನು ತೊಕಿಡೊ ತೆತ್ತ. ಪಂಕ್ ವೇದಿಕೆಯ ಮೇಲೆಯೇ ಅತ್ತ. ಆ ಅಳುವನ್ನು ಜಗತ್ತು ನೋಡಿತು, ಕೆಲವರು ನಕ್ಕರೂ ನಕ್ಕರು. ಏಳು ವರ್ಷಗಳ ಮೇಲೆ, 2024ರಲ್ಲಿ, ಅದೇ ಪಂದ್ಯಾವಳಿಯನ್ನು ಅವನು ಗೆದ್ದ. ನಡುವಿನ ಏಳು ವರ್ಷ ಅವನು ಆಟ ಬಿಡಲಿಲ್ಲ ಎಂಬುದೇ ನನಗೆ ಅವನ ದೊಡ್ಡ ಗೆಲುವು.

ನಾಲ್ಕನೆಯವನು ಚೀನದ ಜೆಂಗ್ ಝುವೊಜುನ್, ಷಿಯಾವ್‌ಹಾಯ್ ಎಂದು ಪ್ರಸಿದ್ಧ. ಇವನೂ ಕಿಂಗ್ ಆಫ್ ಫೈಟರ್ಸ್‌ನ ಗರಡಿಯವನು. ಹೊಸ ಆಟಕ್ಕೆ ಬಂದು, 2024ರಲ್ಲಿ ಸೌದಿ ಅರೇಬಿಯದ ರಿಯಾದ್‌ನ ಈ-ಸ್ಪೋರ್ಟ್ಸ್ ವರ್ಲ್ಡ್ ಕಪ್‌ನಲ್ಲಿ ಸ್ಟ್ರೀಟ್ ಫೈಟರ್ 6 ಗೆದ್ದ. ಹಳೆಯ ಮಗ್ಗದಲ್ಲಿ ಪಳಗಿದ ಕೈಗೆ ಹೊಸ ಮಗ್ಗ ಪರಕೀಯವಲ್ಲ ಎಂಬುದಕ್ಕೆ ಇವನು ಸಾಕ್ಷಿ.

ಐದನೆಯವರು ಡೈಗೊ ಉಮೆಹಾರಾ, ಜಪಾನಿನವರು, 1981ರಲ್ಲಿ ಹುಟ್ಟಿದವರು. 2004ರ ಎವೊದಲ್ಲಿ ಅಮೆರಿಕದ ಜಸ್ಟಿನ್ ವಾಂಗ್ ಎದುರು ಇವರ ಜಟ್ಟಿಯಲ್ಲಿ ಉಸಿರು ಮಾತ್ರ ಉಳಿದಿತ್ತು. ಎದುರಾಳಿ ತನ್ನ ಮಹಾಪಟ್ಟು ಹಾಕಿದ. ಅದರ 15 ಏಟುಗಳನ್ನೂ, ಒಂದೊಂದಕ್ಕೂ ಒಂದೊಂದು ತಕ್ಕ ಕ್ಷಣ ಹಿಡಿದು ತಡೆದು, ತಿರುಗಿ ಹೊಡೆದು ಗೆದ್ದರು. ಆ ದೃಶ್ಯವನ್ನು ಇಂದಿಗೂ ಜನ ನೋಡುತ್ತಾರೆ. ಆದರೆ ಆ ಪಂದ್ಯಾವಳಿಯನ್ನು ಅವರು ಗೆಲ್ಲಲಿಲ್ಲ. ಅಂತಿಮ ಪಂದ್ಯದಲ್ಲಿ ಸೋತರು. ಮುಂದೆ ಆಟದಲ್ಲಿ ಜೀವನ ಸಾಗದೆಂದು ಬಿಟ್ಟು, ವೃದ್ಧರ ಶುಶ್ರೂಷೆಯ ಕೆಲಸಕ್ಕೆ ಸೇರಿದರು. ಹೊಸ ಸ್ಟ್ರೀಟ್ ಫೈಟರ್ ಬಂದಾಗ ಮರಳಿ ಕುಳಿತು, 2009 ಮತ್ತು 2010ರಲ್ಲಿ ಎವೊ ಗೆದ್ದರು. ಅವರು ಬರುವ ಸಲ ಗೆಲ್ಲುವರೆಂದು ನಾನು ಹೇಳಲಾರೆ. ಆದರೆ ಅವರು ಕುಳಿತ ಪಂದ್ಯ ಬಂದರೆ ಬಿಡದೆ ನೋಡಬೇಕು.

ವಯಸ್ಸಿನ ಮಾತು ಬಂದದ್ದರಿಂದ ಹಿರಿಯರಿಗೊಂದು ಸುದ್ದಿ. 2023ರಲ್ಲಿ ಚೀನದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಸ್ಟ್ರೀಟ್ ಫೈಟರ್ ಪದಕದ ಆಟವಾಗಿತ್ತು. ಭಾರತದಿಂದಲೂ ಇಬ್ಬರು ಹೋಗಿದ್ದರು. ಚಿನ್ನ ಗೆದ್ದವನು ದಕ್ಷಿಣ ಕೊರಿಯದ ಕಿಮ್ ಗ್ವಾನ್-ವೂ. ಅವನಿಗಾಗ 44 ವರ್ಷ. ಇದು ಬರೀ ಹುಡುಗರ ಆಟವಲ್ಲ.

ಇದು ಜೂಜಲ್ಲವೇ ಎಂದು ಕಳೆದ ವಾರ ಒಬ್ಬರು ಕೇಳಿದರು. ಅಲ್ಲ. 2025ರಲ್ಲಿ ನಮ್ಮ ಸಂಸತ್ತು ಮಾಡಿದ ಕಾಯಿದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಈ-ಸ್ಪೋರ್ಟ್ಸ್ ಅನ್ನು ಬೇರೆಯಾಗಿ ಗುರುತಿಸಿತು. ಆದರೂ ಕಿರಿಯರಿಗೆ ಒಂದು ಕಿವಿಮಾತು. ಕ್ಯಾಪ್‌ಕಾಮ್ ಕಪ್‌ನಲ್ಲಿ 2024ರಲ್ಲಿ ತೈವಾನಿನ ಯುವಕನೊಬ್ಬನಿಗೆ 10 ಲಕ್ಷ ಡಾಲರ್ ಬಂತು, ನಿಜ. ಆದರೆ ಸಾವಿರಾರು ಮಂದಿ ಕೂತಲ್ಲಿ ಪ್ರಶಸ್ತಿ ಒಬ್ಬನಿಗೆ. ಡೈಗೊ ಅವರಂಥವರೇ ಒಂದು ಕಾಲಕ್ಕೆ ಬೇರೆ ಕೆಲಸಕ್ಕೆ ಹೋದರು. ಆಟಕ್ಕಾಗಿ ಕೈಯಲ್ಲಿರುವ ಕೆಲಸ ಬಿಡಬೇಡಿ, ಸಾಲ ಮಾಡಿ ಯಂತ್ರ ಕೊಳ್ಳಬೇಡಿ.

ಹಿರಿಯರಿಗೂ ಒಂದು ಮಾತು ಹೇಳುವುದಿದೆ. ಅದಕ್ಕೆ ನನ್ನ ಮನೆಯ ಸಂಗತಿ ಹೇಳಬೇಕು. 2000ದ ಸುಮಾರಿಗೆ ಹುಬ್ಬಳ್ಳಿಯಲ್ಲಿ ನಮ್ಮ ಓಣಿಯ ತುದಿಗೆ ಒಂದು ವಿಡಿಯೊ ಗೇಮ್ ಅಂಗಡಿಯಿತ್ತು. ಒಂದು ರೂಪಾಯಿಗೆ ಒಂದು ಆಟ. ಯಂತ್ರದಲ್ಲಿ ಅದೇ ಕಿಂಗ್ ಆಫ್ ಫೈಟರ್ಸ್. ನನ್ನ ತಮ್ಮ ಅಲ್ಲಿ ತನಗಿಂತ ಎರಡರಷ್ಟು ವಯಸ್ಸಿನವರನ್ನು ಸೋಲಿಸುತ್ತಿದ್ದ. ಒಂದು ದಿನ ಸೀಮೆಎಣ್ಣೆಗೆಂದು ಅವ್ವ ಕೊಟ್ಟ ಐದು ರೂಪಾಯಿಯನ್ನು ಅಲ್ಲಿ ಹಾಕಿದ. ನಾನು ಹೋಗಿ ಕಿವಿ ಹಿಡಿದು, ಎಲ್ಲರೆದುರು ಎರಡೇಟು ಹಾಕಿ ಎಳೆದುಕೊಂಡು ಬಂದೆ. ಇವನ ತಲೆಯಲ್ಲಿ ಕಳ್ಳಬುದ್ಧಿ ಬಿಟ್ಟರೆ ಬೇರೇನೂ ಇಲ್ಲ ಎಂದು ಅವ್ವನಿಗೆ ಹೇಳಿದೆ. ಆ ರಾತ್ರಿ ದೀಪವಿಲ್ಲದೆ ಉಂಡೆವು.

ದುಡ್ಡಿನ ವಿಷಯದಲ್ಲಿ ನನ್ನ ಮಾತು ಸರಿಯಿತ್ತು. ಇಂದಿಗೂ ಹಾಗೆಯೇ ಹೇಳುತ್ತೇನೆ. ಆದರೆ ಆ ಹುಡುಗನ ತಲೆಯಲ್ಲಿ ಏನೂ ಇಲ್ಲ ಎಂದದ್ದು ಸುಳ್ಳು ಲೆಕ್ಕ. ಎದುರಾಳಿಯ ಮನಸ್ಸು ಓದುವ ಬುದ್ಧಿ ಅವನಲ್ಲಿತ್ತು. ಅದನ್ನು ಬುದ್ಧಿಯೆಂದು ಕರೆದವರು ಮನೆಯಲ್ಲಿ ಒಬ್ಬರೂ ಇರಲಿಲ್ಲ. ಮುಂದೆ ಶಾಲೆಯಲ್ಲೂ ಅವನು ತನ್ನನ್ನು ದಡ್ಡನೆಂದೇ ಎಣಿಸಿಕೊಂಡ. ಏಳನೆಯ ಇಯತ್ತೆಗೆ ಬಿಟ್ಟ. ಈಗ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಾನೆ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅವನ ಮಗನ ಯಂತ್ರದಲ್ಲಿ ಇಬ್ಬರೂ ಹತ್ತು ಆಟ ಆಡಿದೆವು. ಹತ್ತನ್ನೂ ಅವನೇ ಗೆದ್ದ. ಹಳೆಯದನ್ನು ಅವನು ಎತ್ತಲಿಲ್ಲ. ನಾನೇ, ‘ಅಂದು ಹಾಗೆ ಅನ್ನಬಾರದಿತ್ತು’ ಎಂದೆ. ‘ಸೀಮೆಎಣ್ಣೆ ದುಡ್ಡು ನಾ ಹಾಕಬಾರದಿತ್ತು ಬಿಡಣ್ಣ’ ಎಂದು ನಕ್ಕ.

ಆದ್ದರಿಂದ ಹಿರಿಯರಲ್ಲಿ ಇಷ್ಟೇ ವಿನಂತಿ. ಹುಡುಗನು ಹೊತ್ತು, ಹಣ ಕಳೆದರೆ ಅದಕ್ಕೆ ಬೈಯಿರಿ. ಅವನ ಬುದ್ಧಿಗೆ ಬೈಯಬೇಡಿ. ಒಮ್ಮೆ ಪಕ್ಕದಲ್ಲಿ ಕುಳಿತು, ‘ಈ ಏಟು ಹೇಗೆ ತಿಳಿಯಿತು?’ ಎಂದು ಕೇಳಿ ನೋಡಿ. ಹಾಜರಿ ಬರೆಯುವಾಗ ತಲೆಯೆತ್ತದ ಹುಡುಗ ಹತ್ತು ನಿಮಿಷ ಮಾತಾಡುತ್ತಾನೆ.

ಕೊನೆಗೆ ವ್ಯವಸ್ಥೆಯ ಮಾತು. ಬೇಸಿಗೆಯಲ್ಲಿ ಲಾಸ್ ವೇಗಸ್‌ನ ಗಡಿಯಾರ ನಮ್ಮದಕ್ಕಿಂತ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ ಭಾನುವಾರ ರಾತ್ರಿ ನಡೆಯುವ ಅಂತಿಮ ಪಂದ್ಯ ನಮಗೆ ಸೋಮವಾರ ಬೆಳಗು, ಅಂದರೆ ಮೊದಲನೆಯ ಪಾಳಿ. ಅಂದು ಯಾರೂ ಹಾಜರಿ ತಪ್ಪಿಸಬೇಡಿ. ಪಟ್ಟಿ ಬರೆಯುವವನು ನಾನೇ ಎಂಬುದು ನೆನಪಿರಲಿ. ಪಂದ್ಯಗಳ ದಾಖಲೆ ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ. ಮುಂದಿನ ಭಾನುವಾರ ನಾಲ್ಕರಿಂದ ಆರರವರೆಗೆ, ಪತ್ರಿಕೆಗಳ ಮೇಜಿಗೆ ತೊಂದರೆಯಾಗದಂತೆ ಒಳಕೋಣೆಯಲ್ಲಿ, ಅದನ್ನು ಹಚ್ಚಲು ಸಮಿತಿ ಅನುಮತಿ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಕುರ್ಚಿ ಹಾಕುವ, ತೆಗೆಯುವ, ಕಸ ಗುಡಿಸುವ ಹೊಣೆ ಕಿರಿಯರದು.

ನೋಡುವಾಗ ನಾನು ಹೇಳಿದ ಐವರನ್ನಷ್ಟೇ ಹುಡುಕಬೇಡಿ. ಮೊದಲ ದಿನದ ಪಂದ್ಯಗಳನ್ನೂ ನೋಡಿ. 2019ರಲ್ಲಿ ಅರ್ಸಲಾನನ ಹೆಸರು ಯಾವ ಪಟ್ಟಿಯ ಮೇಲ್ತುದಿಯಲ್ಲೂ ಇರಲಿಲ್ಲ. ಈ ಸಲವೂ ಯಾವುದೋ ಊರಿನ ಗಲ್ಲಿಯಿಂದ ಒಬ್ಬ ಹೊರಟಿರಬಹುದು. ಅವನನ್ನು ಮೊದಲು ಗುರುತಿಸಿದವರು ನಮ್ಮ ವಾಚನಾಲಯದವರಾದರೆ ನನಗೆ ಸಂತೋಷ.