ಪತ್ತೇದಾರನ ಮಕ್ಕಳು

ಹಿಂದಿನ ಸಾಲಿನಲ್ಲಿ ಒಲ್ಲದ ಮನಸ್ಸಿನಿಂದ ಕುಳಿತಿರುವ ಮಕ್ಕಳೇ,

ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಪ್ರಸ್ತಾಪ ಬಂದೇ ಬರುವುದೆಂದು ಸಭಿಕರು ಧೈರ್ಯ ತಂದುಕೊಂಡೇ ಬರುತ್ತಾರೆ. ಇಂದು ಅವೆರಡಕ್ಕೂ ರಜೆ. ನಾವು ಮಾತನಾಡಬೇಕೆಂದಿರುವುದು ಇಬ್ಬರು ಹುಡುಗರ ವಿಚಾರ. ಹೆಸರು ಫ್ರಾಂಕ್ ಮತ್ತು ಜೋ. ತಂದೆ ಫೆಂಟನ್ ಹಾರ್ಡಿ, ಹಿಂದೆ ನ್ಯೂಯಾರ್ಕ್ ಪೊಲೀಸ್ ಇಲಾಖೆಯಲ್ಲಿದ್ದು ಅನಂತರ ಬೇಪೋರ್ಟ್ ಎಂಬ ಕಾಲ್ಪನಿಕ ಊರಿನಲ್ಲಿ ನೆಲೆಸಿದ ಖಾಸಗಿ ಪತ್ತೇದಾರ. ‘ಹಾರ್ಡಿ ಬಾಯ್ಸ್’ ಎಂದರೆ ಇಲ್ಲಿ ಬೆಳೆದ ಮಕ್ಕಳಿಗೂ ಗೊತ್ತು, ಊರಿನ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಬೆಳೆದ ನಮ್ಮ ತಲೆಮಾರಿಗೂ ಗೊತ್ತು. ಒಂದು ಕಪಾಟಿನಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ, ಅದರ ಪಕ್ಕದಲ್ಲೇ ಅಂಚು ಸವೆದ ಹಾರ್ಡಿ ಬಾಯ್ಸ್. ತಂದೆ ಮಗ ಇಬ್ಬರೂ ಓದಿದ ಪುಸ್ತಕಗಳು ನಮ್ಮ ಮನೆಗಳಲ್ಲಿ ಎಷ್ಟಿವೆ? ಇದು ಅಂಥ ಅಪರೂಪದ ಸಾಲಿನಲ್ಲಿ ಸೇರಿದ್ದು.

ಈ ಮಾಲೆಯ ಮೊದಲ ಪುಸ್ತಕ ‘ದಿ ಟವರ್ ಟ್ರೆಷರ್’ 1927ರಲ್ಲಿ ಪ್ರಕಟವಾಯಿತು. ಮುಖಪುಟದಲ್ಲಿ ಲೇಖಕರ ಹೆಸರು ಫ್ರಾಂಕ್ಲಿನ್ ಡಬ್ಲ್ಯೂ. ಡಿಕ್ಸನ್ ಎಂದಿದೆ. ಅಂಥ ವ್ಯಕ್ತಿ ಭೂಮಿಯ ಮೇಲೆ ಎಂದೂ ಇರಲಿಲ್ಲ. ನ್ಯೂಜರ್ಸಿಯ ಎಡ್ವರ್ಡ್ ಸ್ಟ್ರಾಟೆಮಯರ್ ಎಂಬವರು ಕಥೆಯ ಹಂದರ ಹೆಣೆದು ಕೊಡುತ್ತಿದ್ದರು. ಬಾಡಿಗೆ ಲೇಖಕರು ಅದಕ್ಕೆ ರಕ್ತಮಾಂಸ ತುಂಬುತ್ತಿದ್ದರು. ಮೊದಲ ಪುಸ್ತಕಗಳನ್ನು ಬರೆದವರು ಕೆನಡಾದ ಪತ್ರಕರ್ತ ಲೆಸ್ಲಿ ಮೆಕ್‌ಫಾರ್ಲೇನ್. ಒಂದು ಪುಸ್ತಕಕ್ಕೆ ಅವರಿಗೆ ದೊರೆತದ್ದು 125 ಡಾಲರ್. ಆಮೇಲೆ ಲಕ್ಷಗಟ್ಟಲೆ ಪ್ರತಿ ಮಾರಾಟವಾದರೂ ಗೌರವಧನವೆಂದು ಒಂದು ಕಾಸೂ ಇಲ್ಲ. ಕರಾರಿಗೆ ಸಹಿ ಹಾಕಿದ್ದಾಗಿತ್ತು.

ಆ ಮೊದಲ ಪುಸ್ತಕದ ಮೊದಲ ಅಧ್ಯಾಯದಲ್ಲೇ ನಮ್ಮಂಥವರನ್ನು ತಡೆದು ನಿಲ್ಲಿಸುವ ಒಂದು ಪ್ರಸಂಗವಿದೆ. ಅಣ್ಣತಮ್ಮಂದಿರು ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತ ತಮ್ಮ ಭವಿಷ್ಯದ ಬಗ್ಗೆ ಮಾತನಾಡಿಕೊಳ್ಳುತ್ತಾರೆ. ಅಪ್ಪನಂತೆ ಪತ್ತೇದಾರರಾಗಬೇಕೆಂಬುದು ಅವರ ಹಂಬಲ. ಅಪ್ಪ ನಕ್ಕು, ಮೊದಲು ಓದು ಮುಗಿಯಲಿ ಎನ್ನುತ್ತಾನೆ. ಅಮ್ಮನದು ಬೇರೆಯೇ ತೀರ್ಮಾನ: ಒಬ್ಬ ಡಾಕ್ಟರಾಗಬೇಕು, ಇನ್ನೊಬ್ಬ ಲಾಯರಾಗಬೇಕು! (ನಗು.) ಲಾರಾ ಹಾರ್ಡಿಯವರ ಪೂರ್ವಜರು ಬಹುಶಃ ಜಯನಗರದಿಂದಲೋ ಚಾಮರಾಜಪುರಂನಿಂದಲೋ ಬಂದವರಿರಬೇಕೆಂದು ನಮಗೆ ಸಂಶಯ.

ನಗು ಮುಗಿದ ಮೇಲೆ ಒಂದು ಮಾತು. ತಂದೆಯ ಕಸುಬನ್ನು ಮಕ್ಕಳು ಹಿಡಿಯುವುದು ನಮ್ಮವರಿಗೆ ಹೊಸತಲ್ಲ. ಅಕ್ಕಸಾಲಿಗನ ಮಗ ಅಕ್ಕಸಾಲಿಗ, ಪುರೋಹಿತನ ಮಗ ಪುರೋಹಿತ. ಅದರಿಂದ ಬಿಡಿಸಿಕೊಳ್ಳಲೆಂದೇ ನಮ್ಮಲ್ಲಿ ಎಷ್ಟೋ ಮಂದಿ ಕಷ್ಟಪಟ್ಟು ಓದಿದರು. ಸಮುದ್ರ ದಾಟಿ ಬಂದು, ಈಗ ಅದೇ ಪದ್ಧತಿಯನ್ನು ಹೊಸ ಹೆಸರಿನಲ್ಲಿ ಮನೆಯೊಳಕ್ಕೆ ಕರೆದುಕೊಂಡಿದ್ದೇವೆ. ವೈದ್ಯಕೀಯ ಶಿಕ್ಷಣಕ್ಕೆ ಅರ್ಜಿ ಬರೆಯುವ ಮಕ್ಕಳು ನಮ್ಮ ಬಳಿ ಸಲಹೆಗೆ ಬರುತ್ತಾರೆ. ‘ಈ ವೃತ್ತಿ ಏಕೆ?’ ಎಂದು ಕೇಳಿದರೆ ಉತ್ತರ ಬರುವ ಮೊದಲು ಕಣ್ಣು ತಾಯಿಯ ಕಡೆ ಹೊರಳುತ್ತದೆ. ಫ್ರಾಂಕ್ ಮತ್ತು ಜೋ ಕಣ್ಣು ಹೊರಳಿಸುವುದಿಲ್ಲ. ಅವರು ತಂದೆಯ ಕಸುಬನ್ನು ಆರಿಸಿಕೊಂಡದ್ದು ತಾಯಿಯ ಇಚ್ಛೆಗೆ ಎದುರಾಗಿ ಎಂಬುದನ್ನು ಗಮನಿಸಬೇಕು.

ಅವರು ಅದನ್ನು ಕಲಿತದ್ದು ಹೇಗೆ? ತಂದೆ ಪಾಠ ಹೇಳಲಿಲ್ಲ, ತರಬೇತಿ ಶಾಲೆಗೆ ಸೇರಿಸಲಿಲ್ಲ. ಕೆಲಸವನ್ನು ಮಕ್ಕಳ ಕಣ್ಣೆದುರಿನಲ್ಲಿ ಮಾಡಿದ, ಅಷ್ಟೆ. ಕಳ್ಳ ಬಿಟ್ಟುಹೋದ ಕೆಂಪು ಕೂದಲಿನ ವಿಗ್ ಸಿಕ್ಕಿದಾಗ ಅದು ಯಾರದೆಂದು ಊಹಿಸುತ್ತ ಕೂರದೆ, ಅದನ್ನು ಮಾಡಿದವರನ್ನು ಹುಡುಕಿಕೊಂಡು ನ್ಯೂಯಾರ್ಕಿಗೆ ಹೋದ. ಇದು ರೋಗನಿದಾನದ ಕ್ರಮವೇ. ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಸ್ವತಃ ವೈದ್ಯರು. ಆ ಪಾತ್ರಕ್ಕೆ ಅವರಿಗೆ ಮಾದರಿಯಾದದ್ದು ಎಡಿನ್‌ಬರೋದಲ್ಲಿ ಅವರ ಗುರುವಾಗಿದ್ದ ಶಸ್ತ್ರವೈದ್ಯ ಜೋಸೆಫ್ ಬೆಲ್.

ಊರಿನಲ್ಲಿ ವೈದ್ಯರ ದವಾಖಾನೆ ಎಷ್ಟೋ ಕಡೆ ಮನೆಯ ಮುಂದಿನ ಕೋಣೆಯೇ ಆಗಿತ್ತು. ಜಗುಲಿಯ ಮೇಲೆ ರೋಗಿಗಳು, ಬಾಗಿಲ ಸಂದಿಯಲ್ಲಿ ಮಕ್ಕಳು. ಅಪ್ಪ ನಾಡಿ ಹಿಡಿದಾಗ ಏಕೆ ಸುಮ್ಮನಾಗುತ್ತಾರೆ, ಬಡವರ ಕೈಯಿಂದ ಹಣ ಪಡೆಯುವಾಗ ಮುಖ ಎತ್ತ ತಿರುಗಿಸುತ್ತಾರೆ, ಇವೆಲ್ಲ ಮಕ್ಕಳು ಕಲಿತದ್ದು ಆ ಸಂದಿಯಲ್ಲಿ. ಇಲ್ಲಿ ಆಸ್ಪತ್ರೆ ಮನೆಯಿಂದ ಇಪ್ಪತ್ತು ಮೈಲಿ. 1996ರ ಕಾಯಿದೆ ಬಂದ ಮೇಲೆ ರೋಗಿಯ ಗುಟ್ಟನ್ನು ಊಟದ ಮೇಜಿಗೆ ತರುವಂತಿಲ್ಲ. ತರಕೂಡದೆಂಬುದು ನ್ಯಾಯವೂ ಹೌದು. ಹೀಗಾಗಿ ನಮ್ಮ ಮಕ್ಕಳು ಕಾಣುವುದು ಕೆಲಸವನ್ನಲ್ಲ, ಕೆಲಸದಿಂದ ದಣಿದು ಬಂದ ಮನುಷ್ಯನನ್ನು ಮತ್ತು ಅವನ ಕಾರನ್ನು. ಅದನ್ನು ನೋಡಿ ಅವರು ಕಸುಬನ್ನು ಬಯಸಬೇಕೆಂದರೆ ಹೇಗೆ?

ಕಥೆಯಲ್ಲಿ ಇನ್ನೊಬ್ಬ ತಂದೆಯಿದ್ದಾನೆ. ಓದುಗರು ಅವನನ್ನು ಬೇಗ ಮರೆಯುತ್ತಾರೆ; ನಮಗೆ ಮರೆಯಲಾಗಲಿಲ್ಲ. ಟವರ್ ಮಹಲಿನ ಒಡವೆ ಮತ್ತು ಬಾಂಡುಗಳು ಕಳುವಾದಾಗ ಅಪವಾದ ಬಂದದ್ದು ಮಹಲಿನ ಮೇಲ್ವಿಚಾರಕ ಹೆನ್ರಿ ರಾಬಿನ್ಸನ್ ಮೇಲೆ. ಅವನ ಕೆಲಸ ಹೋಯಿತು. ಅವನ ಮಗ ಸ್ಲಿಮ್, ಹಾರ್ಡಿ ಹುಡುಗರ ಸಹಪಾಠಿ, ಶಾಲೆ ಬಿಟ್ಟು ಅಂಗಡಿಯಲ್ಲಿ ದುಡಿಯತೊಡಗಿದ. ಒಂದೇ ತರಗತಿಯ ಹುಡುಗರಲ್ಲಿ ಇಬ್ಬರಿಗೆ ತಂದೆಯ ಕೀರ್ತಿ ಬಂದಿದೆ, ಮೂರನೆಯವನಿಗೆ ತಂದೆಯ ಕಳಂಕ. ಹಾರ್ಡಿಗಳು ಅಪ್ಪನ ದಾರಿ ಹಿಡಿದದ್ದು ಸ್ಲಿಮ್‌ನ ಹೆಗಲಿನಿಂದ ಆ ಭಾರ ಇಳಿಸಲು. ಅಪ್ಪನ ಹೆಸರಿನಿಂದ ತಮಗೆ ಏನು ಲಾಭ ಎಂಬ ಲೆಕ್ಕ ಅಲ್ಲಿಲ್ಲ. ಮಕ್ಕಳ ಪುಸ್ತಕವೆಂದು ಹಗುರವಾಗಿ ಕಾಣುವವರು ಈ ಭಾಗವನ್ನು ಮತ್ತೊಮ್ಮೆ ಓದಬೇಕು.

ಕಳ್ಳನಾದ ಜ್ಯಾಕ್ಲಿ ಅಪಘಾತಕ್ಕೆ ಸಿಕ್ಕಿ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆಯುತ್ತಿದ್ದಾನೆ. ಎಂ.ಬಿ.ಬಿ.ಎಸ್. ಓದಿದ ನಮ್ಮ ಕಿವಿ ಇಲ್ಲಿ ನೆಟ್ಟಗಾಗುತ್ತದೆ. ಮರಣಕಾಲದ ಹೇಳಿಕೆ ಪಡೆಯುವಾಗ ರೋಗಿಯ ಬುದ್ಧಿ ಸ್ಥಿಮಿತದಲ್ಲಿದೆಯೇ ಎಂದು ವೈದ್ಯರನ್ನು ಕೇಳುವ ಪದ್ಧತಿಯನ್ನು ನ್ಯಾಯವೈದ್ಯಶಾಸ್ತ್ರದಲ್ಲಿ ನಮಗೆ ಉರುಹೊಡೆಸಿದ್ದರು. ಜ್ಯಾಕ್ಲಿ ಮಾಲನ್ನು ಹಳೆಯ ಟವರಿನಲ್ಲಿ ಬಚ್ಚಿಟ್ಟಿರುವುದಾಗಿ ಹೇಳಿ, ಮುಂದೆ ಹೇಳಲಾಗದೆ ಸಾಯುತ್ತಾನೆ. ಎಲ್ಲರೂ ಮಹಲಿನ ಹಳೆಯ ಗೋಪುರವನ್ನು ಜಾಲಾಡಿದರು; ಸಿಕ್ಕಿದ್ದು ಧೂಳು. ತಂದೆಗೂ ಹೊಳೆಯಲಿಲ್ಲ. ಜ್ಯಾಕ್ಲಿ ಹಿಂದೆ ರೈಲ್ವೆಯಲ್ಲಿ ದುಡಿದವನು, ಅವನ ಬಾಯಲ್ಲಿ ಟವರ್ ಎಂದರೆ ರೈಲುದಾರಿಯ ಪಕ್ಕದ ನೀರಿನ ಟವರ್ ಇರಬಹುದೆಂದು ಹೊಳೆದದ್ದು ಮಕ್ಕಳಿಗೆ. ರೋಗಿ ಹೇಳಿದ ಪದಕ್ಕೆ ರೋಗಿಯ ಬದುಕಿನಲ್ಲಿ ಅರ್ಥ ಹುಡುಕಬೇಕು, ನಮ್ಮ ನಿಘಂಟಿನಲ್ಲಲ್ಲ. ಬೇರೆ ಭಾಷೆಯ ನಾಡಿನಲ್ಲಿ ರೆಸಿಡೆನ್ಸಿ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪುಸ್ತಕವನ್ನು ಬರಿದೇ ಹೊಗಳಿ ಹೋಗುವುದು ಸರಿಯಲ್ಲ. 1927ರ ಮೂಲ ಆವೃತ್ತಿಯಲ್ಲಿ, ಊರಿನ ಪೊಲೀಸ್ ಮುಖ್ಯಾಧಿಕಾರಿ ತಂದೆಗಿಂತ ಮೊದಲು ಜ್ಯಾಕ್ಲಿಯ ಬಳಿ ತಲುಪದಂತೆ ಮಾಡಲು ಹುಡುಗರು ಒಂದು ಉಪಾಯ ಹೂಡುತ್ತಾರೆ. ರಾಕೋ ಎಂಬ ಇಟಲಿಯ ವಲಸಿಗನ ಹಣ್ಣಿನಂಗಡಿಯಲ್ಲಿ ಅಲಾರಂ ಗಡಿಯಾರವನ್ನು ಅಡಗಿಸಿ, ಬಾಂಬೆಂಬ ಭ್ರಮೆ ಹುಟ್ಟಿಸುತ್ತಾರೆ. ರಾಕೋನ ಹರುಕು ಇಂಗ್ಲಿಷ್, ಅವನ ನಡುಕ, ಇವೆಲ್ಲ ಹಾಸ್ಯದ ಸಾಮಗ್ರಿ. ಅವನೂ ನಮ್ಮ ಹಾಗೆ ಹೊರಗಿನಿಂದ ಬಂದು ಅಂಗಡಿ ತೆರೆದವನು. ಅವನನ್ನು ನೋಡಿ ನಗಲು ನಮಗೆ ಸಾಧ್ಯವಿಲ್ಲ. 1959ರಿಂದ ಮಾಲೆಯ ಪುಸ್ತಕಗಳನ್ನು ತಿದ್ದಿ ಬರೆಸಿದಾಗ ಈ ಪ್ರಸಂಗ ಕಣ್ಮರೆಯಾಯಿತು. ಅದರೊಡನೆ ಮೆಕ್‌ಫಾರ್ಲೇನರ ಒಳ್ಳೆಯ ಗದ್ಯವೂ, ಪೊಲೀಸರನ್ನು ಲೇವಡಿ ಮಾಡುವ ಅವರ ತುಂಟತನವೂ ಹೋದವು. ಮೂಲಪಾಠ 2023ರಿಂದ ಅಮೆರಿಕದಲ್ಲಿ ಹಕ್ಕುಸ್ವಾಮ್ಯದಿಂದ ಮುಕ್ತವಾಗಿದೆ. ತಂದೆತಾಯಿಗಳು ಎರಡನ್ನೂ ತರಿಸಿ, ಆ ಅಧ್ಯಾಯವನ್ನು ಮಕ್ಕಳೊಡನೆ ಕುಳಿತು ಓದಿದರೆ ರಾಕೋನ ಬಗ್ಗೆ ಮಾತನಾಡಲು ಅವಕಾಶವಾದೀತು.

ತಿದ್ದಿಸಿದವರು ಯಾರು ಎಂಬುದೂ ನಮ್ಮ ವಿಷಯಕ್ಕೆ ಸೇರಿದ್ದೇ. ಸ್ಟ್ರಾಟೆಮಯರ್ 1930ರಲ್ಲಿ ತೀರಿಕೊಂಡರು. ಮುಗ್ಗಟ್ಟಿನ ಕಾಲ, ಸಂಸ್ಥೆಯನ್ನು ಕೊಳ್ಳುವವರು ಸಿಗಲಿಲ್ಲ. ಹೆಣ್ಣುಮಕ್ಕಳಾದ ಹ್ಯಾರಿಯೆಟ್ ಮತ್ತು ಎಡ್ನಾ ಅದನ್ನು ವಹಿಸಿಕೊಂಡರು. ಹ್ಯಾರಿಯೆಟ್ 1982ರಲ್ಲಿ ತೀರಿಕೊಳ್ಳುವವರೆಗೆ, ಐವತ್ತು ವರ್ಷಕ್ಕೂ ಮಿಗಿಲಾಗಿ, ಅದನ್ನು ನಡೆಸಿದರು. ಪುಸ್ತಕದಲ್ಲಿ ತಂದೆಯ ದಾರಿ ಹಿಡಿದವರು ಗಂಡುಮಕ್ಕಳು. ಆ ಪುಸ್ತಕಗಳನ್ನು ಉಳಿಸಿದವಳು ತಂದೆಯ ದಾರಿ ಹಿಡಿದ ಮಗಳು.

ಮೆಕ್‌ಫಾರ್ಲೇನರ ಮನೆಯಲ್ಲಿ ನಡೆದದ್ದು ಇನ್ನೂ ಸ್ವಾರಸ್ಯ. ಹಾರ್ಡಿಗಳ ಕಥೆ ಬರೆದವರು ತಾವೆಂಬುದನ್ನು ಅವರು ಮನೆಯಲ್ಲಿ ಹೇಳಿಕೊಂಡಿರಲಿಲ್ಲ. ಮಗ ಬ್ರಯಾನ್ ಒಂದು ದಿನ ಕಪಾಟಿನಲ್ಲಿ ಆ ಪುಸ್ತಕಗಳನ್ನು ಕಂಡು, ಚಿಕ್ಕಂದಿನಲ್ಲಿ ಇವನ್ನು ಓದಿದ್ದಿರಾ ಎಂದು ಕೇಳಿದಾಗ ಗುಟ್ಟು ರಟ್ಟಾಯಿತಂತೆ. ತಾವೇ 1976ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಅವರು ಇದನ್ನು ಹೇಳಿಕೊಂಡಿದ್ದಾರೆ. ತಂದೆ ಹಿಂದೆ ಪತ್ರಿಕೆಗಳಿಗೆ ಐಸ್ ಹಾಕಿಯ ಕಥೆಗಳನ್ನೂ ಬರೆದವರು. ಮಗ ಕೆನಡಾದ ದೂರದರ್ಶನದಲ್ಲಿ ಹಾಕಿ ವಿವರಣಕಾರರಾಗಿ ಹೆಸರು ಮಾಡಿದರು, ಹಾಕಿಯ ಬಗ್ಗೆಯೇ ಹತ್ತಾರು ಪುಸ್ತಕಗಳನ್ನು ಬರೆದರು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಪ್ರಶ್ನೆಗಳಿದ್ದರೆ ಮೊದಲು ಹಿಂದಿನ ಸಾಲಿನಿಂದ ಬರಲಿ.