ಆರುತ್ತಿದ್ದ ಕುಲುಮೆಯನ್ನು ಮತ್ತೆ ಊದಿದ ರಾತ್ರಿ

(ತೋಟ ಕಾರ್ಮಿಕರ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಯಂತ್ರಗಳ ವಿಷಯವಾಗಿ ಕೆಲವು ಮಾತು ಹೇಳಬೇಕೆಂದು ನನ್ನನ್ನು ಕೇಳಿಕೊಂಡಿದ್ದೀರಿ. ಯಂತ್ರ ಬಂದರೆ ಕೆಲಸ ಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಯಂತ್ರ ಬಂದರೆ ಮೈಭಾರ ಇಳಿಯುತ್ತದೆ ಎಂದು ಇನ್ನು ಕೆಲವರು ಹೇಳುತ್ತಾರೆ. ಎರಡರಲ್ಲಿಯೂ ಸತ್ಯವಿದೆ. ಆದರೆ ಇಂದು ನಾನು ಮೂರನೆಯ ಒಂದು ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತೇನೆ. ಯಂತ್ರವು ಅದನ್ನು ನಡೆಸುವವರ ಕೈಮೀರಿ ಹೋದಾಗ ಯಾರು ಸಾಯುತ್ತಾರೆ? ಯಾರ ಮೇಲೆ ತಪ್ಪು ಹೊರಿಸುತ್ತಾರೆ? ಇದಕ್ಕೆ ಉತ್ತರವಾಗಿ ಒಂದೇ ಒಂದು ರಾತ್ರಿಯ ಸಂಗತಿಯನ್ನು ಹೇಳುತ್ತೇನೆ. ನಡೆದದ್ದು ದೂರದ ದೇಶದಲ್ಲಿ. ಆದರೂ ಕೇಳುತ್ತ ಹೋದರೆ ಅಲ್ಲಿಯ ಜನರು ನಮಗೆ ಅಪರಿಚಿತರೆಂದು ಅನ್ನಿಸುವುದಿಲ್ಲ.

ಆಗಿನ ಸೋವಿಯತ್ ಒಕ್ಕೂಟಕ್ಕೆ ಸೇರಿದ್ದ ಉಕ್ರೇನಿನಲ್ಲಿ ಚೆರ್ನೋಬಿಲ್ ಅಣುಸ್ಥಾವರ ಇತ್ತು. ಅಲ್ಲಿ ನಾಲ್ಕು ಅಣುಕುಲುಮೆಗಳು ಕೆಲಸ ಮಾಡುತ್ತಿದ್ದವು. ಮೂರು ಕಿಲೋಮೀಟರು ದೂರದಲ್ಲಿ ಪ್ರಿಪ್ಯಾತ್ ಎಂಬ ಪಟ್ಟಣ. ಸ್ಥಾವರದಲ್ಲಿ ದುಡಿಯುವವರಿಗಾಗಿಯೇ ಕಟ್ಟಿದ ಊರು ಅದು. ಅಲ್ಲಿ ಸುಮಾರು 49,000 ಜನ ವಾಸವಾಗಿದ್ದರು. ನಮ್ಮ ತೋಟಗಳಲ್ಲಿ ಇರುವಂತೆಯೇ ಅಲ್ಲಿಯೂ ಕೆಲಸದ ಜಾಗ ಮತ್ತು ಮನೆ ಒಂದರ ಪಕ್ಕ ಒಂದು.

ಅಣುಕುಲುಮೆ ಹೇಗೆ ನಡೆಯುತ್ತದೆಂದು ತಿಳಿಯುವುದು ಕಷ್ಟವಲ್ಲ. ಟೀ ಫ್ಯಾಕ್ಟರಿಯಲ್ಲಿ ಸೌದೆ ಉರಿಸಿ ಗಾಳಿ ಕಾಯಿಸಿ ಸೊಪ್ಪನ್ನು ಒಣಗಿಸುತ್ತಾರಲ್ಲವೇ? ಅಲ್ಲಿ ಸೌದೆಯ ಬದಲು ಯುರೇನಿಯಂ. ಅದರ ಕಾವಿನಿಂದ ನೀರು ಆವಿಯಾಗುತ್ತದೆ, ಆವಿ ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ, ಚಕ್ರದಿಂದ ವಿದ್ಯುತ್ತು ಬರುತ್ತದೆ. ಕಾವು ಹೆಚ್ಚಾದರೆ ತಗ್ಗಿಸಲು ಉದ್ದನೆಯ ಸಲಾಕೆಗಳನ್ನು ಕುಲುಮೆಯೊಳಕ್ಕೆ ಇಳಿಸುತ್ತಾರೆ, ಬೇಕಾದಾಗ ಮೇಲೆತ್ತುತ್ತಾರೆ. ನಾಲ್ಕನೆಯ ಕುಲುಮೆಯಲ್ಲಿ ಇಂಥ 211 ಸಲಾಕೆಗಳಿದ್ದವು. ಇವೇ ಅದರ ಬ್ರೇಕು.

ಸೌದೆಯ ಒಲೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಒಲೆ ಆರಿಸಿದರೆ ಮುಗಿಯಿತು. ಅಣುಕುಲುಮೆಯನ್ನು ನಿಲ್ಲಿಸಿದ ಮೇಲೂ ದಿನಗಟ್ಟಲೆ ಒಳಗೆ ಕಾವು ಹುಟ್ಟುತ್ತಲೇ ಇರುತ್ತದೆ. ಆದುದರಿಂದ ನೀರಿನ ಪಂಪುಗಳು ಓಡುತ್ತಲೇ ಇರಬೇಕು. ಕರೆಂಟು ಹೋದರೆ ಡೀಸೆಲ್ ಎಂಜಿನ್ ಚಾಲೂ ಆಗಿ ಪೂರ್ಣ ಶಕ್ತಿಗೆ ಬರುವುದಕ್ಕೆ ಸುಮಾರು ಒಂದು ನಿಮಿಷ ಬೇಕು. ಆ ಒಂದು ನಿಮಿಷ, ನಿಲ್ಲುತ್ತಿರುವ ಟರ್ಬೈನಿನ ಓಟದಿಂದಲೇ ಪಂಪುಗಳಿಗೆ ವಿದ್ಯುತ್ತು ಸಿಗುವುದೋ ಎಂದು ನೋಡುವ ಪರೀಕ್ಷೆಯೊಂದನ್ನು ಗೊತ್ತು ಮಾಡಿದ್ದರು. ಹಿಂದಿನ ಪ್ರಯತ್ನಗಳು ಸಫಲವಾಗಿರಲಿಲ್ಲ. ಇದು ಸುರಕ್ಷತೆಗಾಗಿ ಮಾಡಿದ ಪರೀಕ್ಷೆ ಎಂಬುದನ್ನು ಮರೆಯಬೇಡಿ. ಒಳ್ಳೆಯ ಹೆಸರಿನಲ್ಲಿಯೇ ಅನಾಹುತ ಬಂತು.

1986ರ ಏಪ್ರಿಲ್ 25ರ ಹಗಲಿನಲ್ಲಿ ಪರೀಕ್ಷೆ ನಡೆಯಬೇಕಾಗಿತ್ತು. ಕುಲುಮೆಯನ್ನು ಅರ್ಧ ಶಕ್ತಿಗೆ ಇಳಿಸಿಯೂ ಆಯಿತು. ಆಗ ಕೀವ್ ನಗರದ ವಿದ್ಯುತ್ ಹಂಚಿಕೆಯವರಿಂದ ಅಪ್ಪಣೆ ಬಂತು: ಈಗ ನಿಲ್ಲಿಸಬೇಡಿ, ಕರೆಂಟು ಬೇಕು. ಹೀಗೆ ಸುಮಾರು ಒಂಬತ್ತು ಗಂಟೆ ತಡವಾಯಿತು. ಪರೀಕ್ಷೆಗೆ ಸಿದ್ಧರಾಗಿದ್ದ ಹಗಲು ಪಾಳಿಯವರು ಮನೆಗೆ ಹೋದರು. ಮಧ್ಯರಾತ್ರಿಗೆ ಬಂದ ಪಾಳಿಯವರ ತಲೆಗೆ ಕೆಲಸ ಬಿತ್ತು. ಪಾಳಿಯ ಮುಖ್ಯಸ್ಥ ಅಲೆಕ್ಸಾಂಡರ್ ಅಕಿಮೋವ್. ಸಲಾಕೆಗಳನ್ನು ಆಡಿಸುವ ಜಾಗದಲ್ಲಿ ಕುಳಿತಿದ್ದವನು ಲಿಯೊನಿದ್ ತೊಪ್ತುನೋವ್, 25 ವರ್ಷದ ಹುಡುಗ. ಆ ಕುರ್ಚಿಗೆ ಬಂದು ಕೆಲವೇ ತಿಂಗಳಾಗಿತ್ತು. ಮೇಲಿನವರಾಗಿ ನಿಂತಿದ್ದವರು ಅನಾತೊಲಿ ದ್ಯಾತ್ಲೋವ್, ಸ್ಥಾವರದ ಉಪಮುಖ್ಯ ಎಂಜಿನಿಯರು. ಅಣುವಿದ್ಯೆ ಓದಿದ್ದರು, ಜಲಾಂತರ್ಗಾಮಿ ಹಡಗುಗಳ ಕುಲುಮೆಗಳಲ್ಲಿ ಕೆಲಸ ಮಾಡಿ ಬಂದಿದ್ದರು. ತಿಳಿಯದವರೇನಲ್ಲ.

ರಾತ್ರಿ ಹನ್ನೆರಡೂವರೆಯ ಹೊತ್ತಿಗೆ ಕುಲುಮೆಯ ಶಕ್ತಿ ತಟ್ಟನೆ ಕುಸಿಯಿತು. 700 ಮೆಗಾವಾಟಿನಲ್ಲಿ ಪರೀಕ್ಷೆ ಎಂದು ಗೊತ್ತಾಗಿತ್ತು. ಉಳಿದದ್ದು ಬರಿಯ 30. ಕುಲುಮೆ ಹೆಚ್ಚುಕಡಿಮೆ ಸತ್ತಂತೆಯೇ ಆಯಿತು.

ಶಕ್ತಿ ತಗ್ಗಿಸಿ ಹೊತ್ತು ಕಳೆದಂತೆಲ್ಲ ಕುಲುಮೆಯೊಳಗೆ ಕ್ಸೆನಾನ್ ಎಂಬ ಅನಿಲ ತುಂಬಿಕೊಳ್ಳುತ್ತದೆ. ನೀರೊಲೆಯ ಕೆಂಡದ ಮೇಲೆ ಬೂದಿ ಮುಚ್ಚಿದಂತೆ ಅದು ಉರಿಯನ್ನು ಅಡಗಿಸುತ್ತದೆ. ಇಂಥ ಹೊತ್ತಿನಲ್ಲಿ ವಿವೇಕದ ದಾರಿ ಒಂದೇ: ಪೂರ್ತಿ ನಿಲ್ಲಿಸಿ, ಒಂದೆರಡು ದಿನ ಕಾದು, ಮತ್ತೆ ಹೊಸದಾಗಿ ಹೊತ್ತಿಸುವುದು. ಆದರೆ ಹಾಗೆ ಮಾಡಿದರೆ ಪರೀಕ್ಷೆ ಮತ್ತೆ ತಪ್ಪುತ್ತದೆ. ಆದುದರಿಂದ ಆರುತ್ತಿದ್ದ ಕುಲುಮೆಯನ್ನು ಎಬ್ಬಿಸಲು ಹೊರಟರು. ಸಲಾಕೆಗಳನ್ನು ಒಂದಾದ ಮೇಲೊಂದು ಮೇಲೆಳೆದರು. ಶಕ್ತಿ ಮೆಲ್ಲಗೆ 200ಕ್ಕೆ ಏರಿತು. ಅದನ್ನು ಮೀರಿ ಏರಲಿಲ್ಲ. ಕನಿಷ್ಠ 15 ಸಲಾಕೆಗಳ ಬಲವಾದರೂ ಒಳಗೆ ಇರಬೇಕೆಂದು ನಿಯಮವಿತ್ತು. ಆಗ ಉಳಿದಿದ್ದದ್ದು ಸುಮಾರು 8ರಷ್ಟು. ಎಬ್ಬಿಸಲು ಅಪ್ಪಣೆ ಕೊಟ್ಟವರು ದ್ಯಾತ್ಲೋವ್ ಎಂದು ಸಾಕ್ಷಿಗಳು ಹೇಳಿದರು. ತಾನು ಆ ಗಳಿಗೆಯಲ್ಲಿ ಅಲ್ಲಿರಲಿಲ್ಲ ಎಂದು ಅವರು ಕಡೆಯವರೆಗೂ ಹೇಳಿದರು.

ರಾತ್ರಿ 1 ಗಂಟೆ 23 ನಿಮಿಷಕ್ಕೆ ಪರೀಕ್ಷೆ ಪ್ರಾರಂಭವಾಯಿತು. ಸುಮಾರು ಅರ್ಧ ನಿಮಿಷದ ಮೇಲೆ, ಎಲ್ಲ ಸಲಾಕೆಗಳನ್ನೂ ಒಟ್ಟಿಗೆ ಇಳಿಸಿ ಕುಲುಮೆಯನ್ನು ನಿಲ್ಲಿಸುವ ಗುಂಡಿಯನ್ನು ಒತ್ತಿದರು. ನಿಲ್ಲಬೇಕಾಗಿದ್ದ ಕುಲುಮೆ ನಿಲ್ಲಲಿಲ್ಲ. ಬದಲಾಗಿ ಭುಗಿಲೆದ್ದಿತು.

ಇದೇನು ವಿಚಿತ್ರ ಎಂದು ಕೇಳುತ್ತೀರಿ. ಆ ಸಲಾಕೆಗಳ ಕೆಳತುದಿಗೆ ಗ್ರಾಫೈಟ್ ಇಟ್ಟಿದ್ದರು. ಪೆನ್ಸಿಲಿನ ಕಡ್ಡಿಯಲ್ಲಿ ಇರುವ ಕರಿಯ ವಸ್ತುವೇ ಅದು. ಸಲಾಕೆಯ ಮೇಲ್ಭಾಗ ಉರಿಯನ್ನು ತಡೆಯುತ್ತದೆ, ಆದರೆ ತುದಿಯ ಗ್ರಾಫೈಟ್ ಉರಿಯನ್ನು ಹೆಚ್ಚಿಸುತ್ತದೆ. ಬಹುತೇಕ ಎಲ್ಲ ಸಲಾಕೆಗಳೂ ಮೇಲಿದ್ದು ಒಟ್ಟಿಗೆ ಇಳಿದಾಗ ಮೊದಲ ಕೆಲವು ಸೆಕೆಂಡು ಕುಲುಮೆಯ ಕೆಳಭಾಗದಲ್ಲಿ ಉರಿ ಹೆಚ್ಚಿತು. ಘಾಟಿ ಇಳಿಯುವ ಲಾರಿಯಲ್ಲಿ ಬ್ರೇಕು ತುಳಿದ ಕೂಡಲೇ ಲಾರಿ ಮುಂದಕ್ಕೆ ನುಗ್ಗಿದರೆ ಡ್ರೈವರು ಏನು ಮಾಡಿಯಾನು? ಅದರ ಜೊತೆಗೆ ನೀರು ಆವಿಯಾದಷ್ಟೂ ಉರಿ ಹೆಚ್ಚುವ ಗುಣ ಆ ಕುಲುಮೆಗಿತ್ತು. ಬೂದಿಯಂತೆ ಮುಚ್ಚಿದ್ದ ಕ್ಸೆನಾನ್ ಉರಿದುಹೋಯಿತು. ಕ್ಷಣಮಾತ್ರದಲ್ಲಿ ಶಕ್ತಿ ಪೂರ್ಣ ಮಟ್ಟದ ಹತ್ತು ಪಟ್ಟನ್ನು ಮೀರಿತು. ಸಾವಿರ ಟನ್ನಿಗೂ ಹೆಚ್ಚು ತೂಕದ ಮುಚ್ಚಳ ಪಾತ್ರೆಯ ಮುಚ್ಚಳದಂತೆ ಹಾರಿತು.

ಈಗ ಮನುಷ್ಯರ ವಿಷಯ ಕೇಳಿ. ಪಂಪಿನ ಕೆಲಸದ ವಲೇರಿ ಖೊದೆಮ್ಚುಕ್ ಅಲ್ಲಿಯೇ ಸತ್ತ. ಅವನ ದೇಹ ಇಂದಿಗೂ ಆ ಅವಶೇಷಗಳ ಕೆಳಗೇ ಇದೆ. ತರಬೇತಿಯಲ್ಲಿದ್ದ ಇಬ್ಬರು ಯುವಕರನ್ನು, ಹೋಗಿ ಸಲಾಕೆಗಳನ್ನು ಕೈಯಿಂದ ಇಳಿಸಿ ಎಂದು ಕಳಿಸಿದರು. ಇಳಿಸಲು ಅಲ್ಲಿ ಕುಲುಮೆಯೇ ಉಳಿದಿರಲಿಲ್ಲ. ಇಬ್ಬರೂ ಮೇ ತಿಂಗಳಲ್ಲಿ ತೀರಿಕೊಂಡರು. ಅಕಿಮೋವ್ ಮತ್ತು ತೊಪ್ತುನೋವ್ ಓಡಿಹೋಗದೆ ವಿಕಿರಣದ ನಡುವೆ ನಿಂತು ಕೈಯಿಂದ ನೀರಿನ ವಾಲ್ವುಗಳನ್ನು ತಿರುಗಿಸಿದರು. ಅವರೂ ಮೇ ತಿಂಗಳಲ್ಲಿಯೇ ತೀರಿಕೊಂಡರು. ಬೆಂಕಿ ಆರಿಸುವವರು ಅಂಗಿಯ ಮೇಲೆ ಒಂದು ಕೋಟು ತೊಟ್ಟು ಛಾವಣಿ ಏರಿದರು. ವಿಕಿರಣ ಕಾಯಿಲೆ 134 ಜನರಿಗೆ ತಗಲಿತೆಂದು ದೃಢವಾಯಿತು. ಅವರಲ್ಲಿ 28 ಮಂದಿ ಕೆಲವೇ ತಿಂಗಳಲ್ಲಿ ಸತ್ತರು.

ಪ್ರಿಪ್ಯಾತ್ ಪಟ್ಟಣದವರಿಗೆ ಮಾರನೆಯ ದಿನ ಯಾರೂ ಏನೂ ಹೇಳಲಿಲ್ಲ. ಮಕ್ಕಳು ಶಾಲೆಗೆ ಹೋದರು, ಬಯಲಿನಲ್ಲಿ ಆಡಿದರು. ಸುಮಾರು 36 ಗಂಟೆ ಕಳೆದ ಮೇಲೆ ಸಾವಿರಕ್ಕೂ ಹೆಚ್ಚು ಬಸ್ಸುಗಳು ಬಂದವು. ಮೂರು ದಿನದಲ್ಲಿ ಹಿಂತಿರುಗಬಹುದೆಂದು ನಂಬಿ ಜನ ಹೊರಟರು. ಆ ಊರು ಇಂದಿಗೂ ಪಾಳುಬಿದ್ದಿದೆ. ಹುಲ್ಲಿನ ಮೇಲೆ ಬಿದ್ದ ವಿಕಿರಣ ಅಯೋಡಿನ್ ಹಸುವಿನ ಹೊಟ್ಟೆಗೆ, ಹಸುವಿನ ಹಾಲಿನಿಂದ ಮಕ್ಕಳ ಹೊಟ್ಟೆಗೆ ಹೋಯಿತು. ಆಗ ಮಕ್ಕಳಾಗಿದ್ದವರಲ್ಲಿ 2005ರೊಳಗೆ 6,000ಕ್ಕೂ ಹೆಚ್ಚು ಜನರಿಗೆ ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್ ಕಂಡುಬಂತು. ಇದರಲ್ಲಿ ದೊಡ್ಡ ಪಾಲಿಗೆ ಆ ವಿಕಿರಣವೇ ಕಾರಣವಿರಬೇಕೆಂದು ವಿಶ್ವಸಂಸ್ಥೆಯ ವಿಜ್ಞಾನ ಸಮಿತಿ ಹೇಳಿತು. ಸಮಯಕ್ಕೆ ಸರಿಯಾಗಿ ‘ಮಕ್ಕಳಿಗೆ ಹಾಲು ಕೊಡಬೇಡಿ’ ಎಂದು ತಾಯಂದಿರಿಗೆ ಹೇಳಿದ್ದರೆ ಇದರಲ್ಲಿ ಎಷ್ಟೋ ತಪ್ಪುತ್ತಿತ್ತು.

ಆ ಮೇಲೆ ಶುಚಿಮಾಡುವ ಕೆಲಸ. ಸುಮಾರು 6 ಲಕ್ಷ ಜನರನ್ನು ಅದಕ್ಕೆ ಹಚ್ಚಿದರು. ಗಣಿ ಕೆಲಸಗಾರರು ಕುಲುಮೆಯ ಅಡಿಯಲ್ಲಿ ಸುರಂಗ ತೋಡಿದರು. ಛಾವಣಿಯ ಮೇಲೆ ಬಿದ್ದ ಗ್ರಾಫೈಟ್ ಚೂರುಗಳನ್ನು ತಳ್ಳಲು ದೂರದಿಂದ ನಡೆಸುವ ಯಂತ್ರಗಳನ್ನು ತಂದರು. ವಿಕಿರಣದ ಹೊಡೆತಕ್ಕೆ ಆ ಯಂತ್ರಗಳು ಕೆಟ್ಟು ನಿಂತವು. ಆಗ ಮನುಷ್ಯರನ್ನೇ ಸಲಿಕೆ ಕೊಟ್ಟು ಹತ್ತಿಸಿದರು. ಒಬ್ಬೊಬ್ಬನಿಗೆ ಒಂದೆರಡು ನಿಮಿಷ. ಅವರಿಗೆ ಇಟ್ಟ ಹೆಸರು ‘ಜೀವಂತ ರೋಬಾಟು’. ಯಂತ್ರ ಸೋತ ಜಾಗದಲ್ಲಿ ಮನುಷ್ಯನನ್ನು ಯಂತ್ರವೆಂದು ಕರೆದು ನಿಲ್ಲಿಸಿದರು, ಸಹೋದರರೇ.

ಕೊನೆಗೆ ತಪ್ಪು ಯಾರದೆಂಬ ಪ್ರಶ್ನೆ. 1986ರ ಆಗಸ್ಟಿನಲ್ಲಿ ವಿಯೆನ್ನಾ ನಗರದ ಸಭೆಯಲ್ಲಿ ಸರ್ಕಾರದ ವರದಿ ಬಂತು: ಯಂತ್ರ ನಡೆಸಿದವರು ನಿಯಮ ಮುರಿದರು. 1987ರಲ್ಲಿ ಸ್ಥಾವರದ ನಿರ್ದೇಶಕ, ಮುಖ್ಯ ಎಂಜಿನಿಯರು, ದ್ಯಾತ್ಲೋವ್ ಈ ಮೂವರಿಗೂ ಹತ್ತು ಹತ್ತು ವರ್ಷ ಶಿಕ್ಷೆಯಾಯಿತು. ಸತ್ತ ಹುಡುಗ ತೊಪ್ತುನೋವನನ್ನೂ ದೋಷಿಯೆಂದೇ ಎಣಿಸಿದರು. ಆದರೆ 1992ರಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಜ್ಞರು ಮತ್ತೆ ಪರಿಶೀಲಿಸಿ ಬರೆದದ್ದು ಬೇರೆ. ದೊಡ್ಡ ದೋಷ ಇದ್ದದ್ದು ಕುಲುಮೆಯ ಮತ್ತು ಸಲಾಕೆಗಳ ರಚನೆಯಲ್ಲಿಯೇ. ಅಷ್ಟೇ ಅಲ್ಲ. ಇಳಿಯುವ ಸಲಾಕೆ ಉರಿ ಹೆಚ್ಚಿಸುತ್ತದೆಂಬುದು 1983ರಲ್ಲಿಯೇ ಲಿಥುವೇನಿಯಾದ ಇಗ್ನಾಲಿನಾ ಸ್ಥಾವರದಲ್ಲಿ ಕಂಡುಬಂದಿತ್ತು. ವಿನ್ಯಾಸ ಮಾಡಿದವರಿಗೆ ಅದು ತಿಳಿದಿತ್ತು. ಗುಂಡಿ ಒತ್ತುವವನಿಗೆ ಅದರ ಅಪಾಯವನ್ನು ಯಾರೂ ತಿಳಿಸಿ ಹೇಳಿರಲಿಲ್ಲ.

ಹಾಗಾದರೆ ಆ ರಾತ್ರಿ ಪಾಳಿಯಲ್ಲಿ ತಪ್ಪೇ ಇರಲಿಲ್ಲವೇ? ಇತ್ತು. ಆರಿದ ಕುಲುಮೆಯನ್ನು ಹಟದಿಂದ ಎಬ್ಬಿಸಿದ್ದು ತಪ್ಪೇ. ಆದರೆ ಬ್ರೇಕು ತುಳಿದರೆ ಲಾರಿ ನುಗ್ಗುತ್ತದೆಂದು ತಿಳಿದೂ ಹೇಳದವರ ತಪ್ಪು ಅದಕ್ಕಿಂತ ದೊಡ್ಡದು. ಅವರಲ್ಲಿ ಯಾರೂ ಆ ರಾತ್ರಿ ಆ ಕೋಣೆಯಲ್ಲಿ ಇರಲಿಲ್ಲ.

ನಮ್ಮ ದೇಶವೂ ಇಂಥ ಪಾಠವನ್ನು ಸಾವಿನ ಮುಖದಿಂದಲೇ ಕಲಿಯಿತು. 1984ರ ಡಿಸೆಂಬರಿನಲ್ಲಿ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ವಿಷಾನಿಲ ಹೊರಬಿದ್ದು ಸಾವಿರಾರು ಜನ ಸತ್ತರು. ಅದಾದ ಮೇಲೆ 1987ರಲ್ಲಿ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ತನ್ನ ಕೆಲಸದ ಅಪಾಯವನ್ನು ತಿಳಿದುಕೊಳ್ಳುವ ಹಕ್ಕು ಕಾರ್ಮಿಕನಿಗೆ ಇದೆ, ಅಪಾಯ ಹತ್ತಿರ ಬಂತೆಂದು ಕಂಡರೆ ಆಡಳಿತಕ್ಕೆ ಎಚ್ಚರಿಸುವ ಹಕ್ಕೂ ಇದೆ ಎಂದು ಸೇರಿಸಿದರು. ಕಾಯಿದೆಗಳು ಕಾಲಕಾಲಕ್ಕೆ ಬದಲಾಗುತ್ತವೆ. ಆದರೆ ಕೇಳುವ ಬಾಯಿ ನಮ್ಮದೇ ಆಗಿರಬೇಕು.

ಆದುದರಿಂದ ಮನೆಗೆ ಮೂರು ಮಾತು ತೆಗೆದುಕೊಂಡು ಹೋಗಿರಿ. ಒಂದು, ಗಿಡಕ್ಕೆ ಹೊಡೆಯುವ ಔಷಧಿಯ ಡಬ್ಬಿಯೇ ಆಗಲಿ, ಫ್ಯಾಕ್ಟರಿಯ ರೋಲರೇ ಆಗಲಿ, ಇದರಲ್ಲಿ ಏನು ಅಪಾಯವಿದೆ, ತಪ್ಪಿದರೆ ಏನು ಮಾಡಬೇಕು ಎಂದು ಮೊದಲೇ ಕೇಳಿರಿ. ಮೇಸ್ತ್ರಿಗೆ ಗೊತ್ತಿಲ್ಲದಿದ್ದರೆ ಅವನ ಮೇಲಿನವರನ್ನು ಕೇಳಿರಿ. ಎರಡು, ತಡವಾಯಿತೆಂಬ ಒಂದೇ ಕಾರಣಕ್ಕೆ ಕೆಟ್ಟ ಯಂತ್ರವನ್ನು ಎಬ್ಬಿಸಲು ಹೊರಟವರ ಜೊತೆ ಸೇರಬೇಡಿ. ‘ಇಂದು ಬೇಡ, ನಾಳೆ ಮಾಡೋಣ’ ಎನ್ನುವುದು ಸೋಮಾರಿತನವಲ್ಲ. ಒಬ್ಬನೇ ಹೇಳಿದರೆ ಗದರಿಸುತ್ತಾರೆ. ಅದಕ್ಕೇ ಎಲ್ಲರೂ ಕೂಡಿ ಹೇಳಿರಿ. ಮೂರು, ಅಪಘಾತವಾದಾಗ ಕೊನೆಗೆ ಯಂತ್ರ ಮುಟ್ಟಿದವನ ಹೆಸರನ್ನೇ ಮೊದಲು ಬರೆಯುತ್ತಾರೆ. ನೀವು ಅಲ್ಲಿಗೇ ನಿಲ್ಲಬೇಡಿ. ಆ ಯಂತ್ರವನ್ನು ಹಾಗೆ ಮಾಡಿ ಕಳಿಸಿದವರು ಯಾರು, ಅದರ ದೋಷ ಯಾರಿಗೆ ತಿಳಿದಿತ್ತು ಎಂದು ವಿಚಾರಿಸಿರಿ.

ತೊಪ್ತುನೋವನಿಗೂ ನಮ್ಮಂತೆಯೇ ತಂದೆತಾಯಿ ಇದ್ದರು. ನಿಲ್ಲಿಸುವ ಗುಂಡಿ ನಿಲ್ಲಿಸುತ್ತದೆಂದೇ ಅವನು ನಂಬಿದ್ದ. ನಮ್ಮ ಮಕ್ಕಳು ನಾಳೆ ಯಾವ ಯಂತ್ರದ ಮುಂದೆ ನಿಂತರೂ, ಅದರ ನಿಜವನ್ನು ತಿಳಿದೇ ನಿಲ್ಲುವಂತೆ ಮಾಡುವುದು ನಮ್ಮ ಕೈಯಲ್ಲಿದೆ.